ಎಲಿಷ್ಕಾ ಮಿಸಾಕೋವಾ

ಅರಕಲಗೂಡು ಕಡೆಯ ನಮ್ಮ ಹಳ್ಳಿಯಲ್ಲಿ ಕಸರತ್ತು ಎಂದರೆ ಗರಡಿಮನೆ, ಗರಡಿಮನೆ ಎಂದರೆ ಗಂಡಸರು. 1928ರಿಂದಲೇ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ಉಂಟೆಂದು ನಾನರಿತದ್ದು ಹಾಸನಕ್ಕೆ ಓದಲು ಬಂದ ಮೇಲೆ. ಎಲಿಷ್ಕಾಳ ಪರಿಚಯವಾದದ್ದೂ ಆಗಲೇ.

ಆಕೆ ಹುಟ್ಟಿದ್ದು 1926ರಲ್ಲಿ, ಚೆಕೊಸ್ಲೊವಾಕಿಯದಲ್ಲಿ. 1948ರ ಲಂಡನ್ ಒಲಿಂಪಿಕ್ಸಿಗೆ ಅಕ್ಕ ಮಿಲೊಸ್ಲಾವಾಳೊಡನೆ ಒಂದೇ ತಂಡದಲ್ಲಿ ಹೊರಟಳು. ಆಗ ಹೆಂಗಸರಿಗೆ ಬಿಡಿ ಪದಕಗಳಿರಲಿಲ್ಲ, ಅವು ಬಂದದ್ದು 1952ರಲ್ಲಿ. ಗೆದ್ದರೆ ತಂಡವೇ ಗೆಲ್ಲಬೇಕು. ಲಂಡನ್ ತಲಪಿದ ಸ್ವಲ್ಪದರಲ್ಲೇ ಎಲಿಷ್ಕಾಳಿಗೆ ಪೋಲಿಯೊ ತಗುಲಿತು. ಉಸಿರಾಡಿಸಲು ಯಂತ್ರದೊಳಗೆ ಮಲಗಿಸಿದರು. ಆಗಸ್ಟ್ 14ರಂದು, ತಂಡ ಸ್ಪರ್ಧೆಗಿಳಿದ ದಿನವೇ, ಆಕೆ ತೀರಿಕೊಂಡಳು. ವಯಸ್ಸು ಇಪ್ಪತ್ತೆರಡು, ನನಗಿಂತ ಎರಡೇ ವರ್ಷ ಹೆಚ್ಚು. ಅಕ್ಕನೂ ಸೇರಿ ಉಳಿದವರು ಹಂಗೆರಿಯನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಪದಕ ಕೊಡುವಾಗ ಮೇಲೇರಿದ ಧ್ವಜಕ್ಕೆ ಕಪ್ಪು ಪಟ್ಟಿ ಕಟ್ಟಿತ್ತು.

ಪೋಲಿಯೊಗೆ ಲಸಿಕೆ ಬಂದದ್ದು 1955ರಲ್ಲಿ. ನಮ್ಮೂರಿಗೆ ಅದು ತಲಪುವಷ್ಟರಲ್ಲಿ ನನ್ನ ಸೋದರತ್ತೆಯ ಎಡಗಾಲು ಸೋತುಹೋಗಿತ್ತು. ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಈ ಕಥೆಯನ್ನು ಅವರಿಗೆ ಹೇಳಿದೆ. ಅತ್ತೆ ಪದಕದ ಮಾತೆತ್ತಲಿಲ್ಲ. ಆ ದಿನ ಅಕ್ಕ ಹೇಗೆ ಆಡಿದಳು ಎಂದಷ್ಟೇ ಕೇಳಿದರು.