ಸಾರಾಯಿ ಪ್ಯಾಕೆಟ್‌ನಿಂದ ಪಾನನಿಷೇಧದ ತನಕ: ಎನ್.ಟಿ. ರಾಮರಾವ್

ನಾರಾಯಣಪೇಟೆ: ನಮ್ಮ ಭಾಗದ ಕನ್ನಡ ಮನೆಗಳಲ್ಲಿ ಎನ್.ಟಿ. ರಾಮರಾವ್ ಅಂದ್ರೆ ಮೊದಲು ನೆನಪಾಗುವುದು ಸಿನಿಮಾದ ಕೃಷ್ಣ. ಕುಡಿತದ ಮಾತು ಬಂದಾಗ ಮಾತ್ರ ಅವರನ್ನು ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ಎರಡಕ್ಕೂ ಕಾರಣ ಉಂಟು.

1923ರ ಮೇ 28ರಂದು ಕೃಷ್ಣಾ ಜಿಲ್ಲೆಯ ನಿಮ್ಮಕೂರಿನಲ್ಲಿ ಹುಟ್ಟಿದ ಅವರು ಸಬ್ ರಿಜಿಸ್ಟ್ರಾರ್ ಕಚೇರಿಯ ನೌಕರಿ ಬಿಟ್ಟು ಸಿನಿಮಾಕ್ಕೆ ಹೋದರು. 1982ರಲ್ಲಿ ತೆಲುಗು ದೇಶಂ ಕಟ್ಟಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಕಿಲೋಗೆ 2 ರೂಪಾಯಿ ಅಕ್ಕಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಸರ್ಕಾರ ವಾರುಣಿ ವಾಹಿನಿ ಅಂತ ಯೋಜನೆ ಮಾಡಿ ಸಾರಾಯಿಯನ್ನು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಊರೂರಿಗೆ ಮುಟ್ಟಿಸಿದ್ದನ್ನು ಹೇಳುವವರು ಕಡಿಮೆ.

21 ವರ್ಷದೊಳಗಿನವರಿಗೆ ಮದ್ಯ ಮಾರಬಾರದು ಅಂತ 1968ರ ಅಬಕಾರಿ ಕಾಯ್ದೆಯಲ್ಲಿತ್ತು. ಆದರೆ ಜೇಬಿನಲ್ಲಿ ಹಿಡಿಯುವ ಪ್ಯಾಕೆಟ್‌ಗೆ ವಯಸ್ಸು ಕೇಳುವವರು ಯಾರು? ಮಿದುಳು ಪೂರ್ತಿ ಬಲಿಯುವುದು 25ರ ಸುಮಾರಿಗೆ. ಅದಕ್ಕೂ ಮೊದಲೇ, ಹದಿಹರೆಯದಲ್ಲಿ ಕುಡಿಯಲು ಶುರು ಮಾಡಿದವರಿಗೆ ಚಟ ಅಂಟುವ ಅಪಾಯ ಹೆಚ್ಚು ಎನ್ನುತ್ತದೆ ವೈದ್ಯಶಾಸ್ತ್ರ. ಲಿವರ್ ಒಳಗೊಳಗೇ ಕೆಡುತ್ತಾ ವರ್ಷಗಟ್ಟಲೆ ಹೊರಗೆ ಏನೂ ತೋರಿಸುವುದಿಲ್ಲ. ಆ ಪ್ಯಾಕೆಟ್ ಕಾಲದಲ್ಲಿ ಹದಿನಾರರ ಹುಡುಗರಾಗಿದ್ದವರು ಈಗ ಐವತ್ತು ದಾಟಿದ್ದಾರೆ.

1989ರ ಚುನಾವಣೆಯಲ್ಲಿ ರಾಮರಾವ್ ಅಧಿಕಾರ ಕಳಕೊಂಡರು. ಅಂದಿನ ನಮ್ಮ ಮಹಬೂಬ್‌ನಗರ ಜಿಲ್ಲೆಯ ಕಲ್ವಕುರ್ತಿಯಲ್ಲಿ ತಾವೇ ಸೋತು, ಹಿಂದೂಪುರದಿಂದ ಗೆದ್ದು ವಿರೋಧ ಪಕ್ಷದಲ್ಲಿ ಕೂತರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಹೋರಾಟ ರಾಜ್ಯಕ್ಕೆಲ್ಲ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಕಾಂಗ್ರೆಸ್ ಸರ್ಕಾರ ಸಾರಾಯಿ ನಿಷೇಧಿಸಿತು. ರಾಮರಾವ್ ಇನ್ನೂ ಮುಂದೆ ಹೋಗಿ ಪೂರ್ತಿ ಪಾನನಿಷೇಧದ ಮಾತು ಕೊಟ್ಟರು. ಗೆದ್ದು, 1994ರ ಡಿಸೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ದಿನವೇ ಆ ಕಡತಕ್ಕೆ ಸಹಿ ಹಾಕಿದರು. 1995ರ ಜನವರಿ 16ರಿಂದ ಜಾರಿಯಾಯಿತು.

ಆದರೆ ಗಡಿ ಅಂದ್ರೆ ಗಡಿನೇ. ಮಕ್ತಲ್ ಕಡೆಯಿಂದ ಕೃಷ್ಣಾ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ, ಗದ್ವಾಲಕ್ಕೂ ಅದೇ ನೆರೆ. ಅಲ್ಲಿ ಸಾರಾಯಿ ಬಂದ್ ಆದದ್ದು 2007ರ ಜುಲೈನಲ್ಲಿ.

1995ರಲ್ಲೇ ಅಳಿಯ ಚಂದ್ರಬಾಬು ನಾಯ್ಡು ಕುರ್ಚಿ ಹಿಡಿದರು. 1996ರ ಜನವರಿ 18ರಂದು ರಾಮರಾವ್ ಹೈದರಾಬಾದಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 1997ರಲ್ಲಿ ಪಾನನಿಷೇಧ ಸಡಿಲವಾಯಿತು. ಉಳಿದದ್ದು ಹಳೆಯ 21ರ ನಿಯಮ. ಕರ್ನಾಟಕದಲ್ಲಿ 2023ರ ಜನವರಿಯಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟರು. ಕಾಲೇಜಿಗೆಂದು ರಾಯಚೂರಿಗೆ ಹೋಗಿಬರುವ ನಮ್ಮ ಹುಡುಗರಲ್ಲಿ 18 ದಾಟಿ 21 ತುಂಬದವರೇ ಬಹಳ.