ಅಂಗೈಯಲ್ಲಿ ಹುಟ್ಟುವ ಜೋಡೆತ್ತು



ಶಿಲ್ಪ ಎಂದ ಕೂಡಲೇ ನಿಮಗೆ ಹಂಪಿಯ ಕಲ್ಲಿನ ರಥ ನೆನಪಾಗಬಹುದು. ಅದೇ ಸೀಮೆಯಲ್ಲಿ, ಅಂದರೆ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನ ಸುತ್ತಮುತ್ತ, ಉಳಿ-ಸುತ್ತಿಗೆ ಇಲ್ಲದೆಯೇ ಶಿಲ್ಪ ಮಾಡುವ ಹಬ್ಬವೊಂದಿದೆ. ಒಂದು ಮುದ್ದೆ ಮಣ್ಣು, ಒಂದು ಚೊಂಬು ನೀರು ಇದ್ದರೆ ಸಾಕು. ಶಿಲ್ಪಿಗಳಲ್ಲಿ ಬಹಳಷ್ಟು ಮಂದಿ ನಿಮ್ಮ ವಯಸ್ಸಿನ ಮಕ್ಕಳೇ. ಆ ಹಬ್ಬದ ಹೆಸರು ಮಣ್ಣೆತ್ತಿನ ಅಮಾವಾಸ್ಯೆ.

ಜ್ಯೇಷ್ಠ ಮಾಸದ ಕೊನೆಯ ದಿನ, ಜೂನ್ ಅಥವಾ ಜುಲೈ ತಿಂಗಳಲ್ಲಿ, ಈ ಹಬ್ಬ ಬರುತ್ತದೆ. ಅದಕ್ಕೆ ಹದಿನೈದು ದಿನ ಮೊದಲು ಕಾರ ಹುಣ್ಣಿಮೆ. ಅಂದು ಕೊಟ್ಟಿಗೆಯ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಓಡಿಸುತ್ತಾರೆ. ಮುಂಗಾರು ಮಳೆ ಬಿದ್ದು ಹೊಲ ಬಿತ್ತನೆಗೆ ಹದವಾಗುವ ಕಾಲವದು. ಎತ್ತಿನ ದುಡಿಮೆ, ಮಣ್ಣಿನ ಸತ್ವ ಎರಡೂ ಕೂಡಿದರೇ ಬೆಳೆ. ಅಮಾವಾಸ್ಯೆಯ ದಿನ ಮಣ್ಣಿನಲ್ಲೇ ಎತ್ತು ಮಾಡಿ, ಎರಡಕ್ಕೂ ಒಟ್ಟಿಗೇ ಪೂಜೆ ಸಲ್ಲಿಸುತ್ತಾರೆ. ಎತ್ತಿಲ್ಲದ ಮನೆಗೂ ಅಂದು ಜೋಡೆತ್ತು ಬರುತ್ತವೆ.

ಎತ್ತು ಮಾಡುವುದು ಹೇಗೆ? ಎರೆಮಣ್ಣು ತಂದು, ಕಲ್ಲು ಕಸ ಆರಿಸಿ, ನೀರು ಚಿಮುಕಿಸುತ್ತಾ ಚೆನ್ನಾಗಿ ನಾದಬೇಕು. ಮೊದಲು ಮೈ, ಆಮೇಲೆ ಕಾಲು. ನಾಲ್ಕು ಕಾಲೂ ದಪ್ಪಗಿರಲಿ, ಇಲ್ಲವಾದರೆ ಹಸಿ ಮಣ್ಣಿನ ಭಾರಕ್ಕೆ ಎತ್ತು ಕುಸಿದು ಕೂತುಬಿಡುತ್ತದೆ. ಬೆನ್ನಿನ ಮುಂಭಾಗದಲ್ಲಿ ಮಣ್ಣು ಹಿಡಿದು ಮೇಲಕ್ಕೆಳೆದರೆ ಇಣಿ. ಕತ್ತಿನ ಕೆಳಗೆ ಎರಡು ಬೆರಳಲ್ಲಿ ತೆಳ್ಳಗೆ ಒತ್ತಿದರೆ ಗಂಗೆದೊಗಲು. ಕೋಡು ಕೊನೆಗೆ. ಕೂಡಿಸುವ ಜಾಗವನ್ನು ಒದ್ದೆ ಮಾಡಿ, ಗೆರೆ ಕಾಣದಂತೆ ತೀಡಬೇಕು. ಹಾಗೆ ತೀಡದಿದ್ದರೆ ಒಣಗಿದ ಮೇಲೆ ಕೋಡು ಕಳಚಿ ಬೀಳುತ್ತದೆ. ಕಣ್ಣಿಗೆ ಜೋಳದ ಕಾಳು ಒತ್ತಿ, ಮೇವು ತಿನ್ನಲು ಮುಂದೆ ಮಣ್ಣಿನದೇ ಗ್ವಾದಲಿ ಮಾಡಿಟ್ಟು, ನೆರಳಲ್ಲಿ ಒಣಗಿಸಿದರೆ ಎತ್ತು ಸಿದ್ಧ. ಆಮೇಲೆ ದೇವರ ಜಗಲಿಯ ಮೇಲಿಟ್ಟು ಹೂವು ಏರಿಸಿ, ಹೋಳಿಗೆ ಎಡೆ ಹಿಡಿಯುತ್ತಾರೆ.

ದೊಡ್ಡ ಸೆರಾಮಿಕ್ ಕಲಾವಿದರು ಪಾಲಿಸುವುದೂ ಇವೇ ನಿಯಮಗಳನ್ನು: ಮಣ್ಣಿನ ಹದ, ಗಟ್ಟಿ ಬುಡ, ಬಿರುಕು ಬಿಡದ ಬೆಸುಗೆ, ನಿಧಾನವಾಗಿ ಒಣಗಿಸುವುದು. ಆದರೆ ಅವರು ತಮ್ಮ ಕೃತಿಯನ್ನು ಸುಡುತ್ತಾರೆ. ಕುಂಬಾರರ ಆವಿಗೆಯಲ್ಲಿ ಬೆಂದ ಮಣ್ಣು ಮತ್ತೆ ನೀರಲ್ಲಿ ಕರಗುವುದಿಲ್ಲ. ಮಣ್ಣೆತ್ತನ್ನು ಮಾತ್ರ ಸುಡುವುದಿಲ್ಲ. ಪೂಜೆಯಾದ ಮೇಲೆ ಹೊಳೆಗೋ ಬಾವಿಗೋ ಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಮಣ್ಣು ನಾದಬೇಕು, ಮತ್ತೆ ಕೋಡು ತೀಡಬೇಕು. ಈ ಕಲೆ ಇಷ್ಟು ಕಾಲ ಉಳಿದು ಬಂದ ಗುಟ್ಟು ಇದೇ ಎಂದು ನಾನು ನಂಬಿದ್ದೇನೆ: ಎತ್ತು ಕರಗುತ್ತದೆ, ಮಾಡುವ ಕೈ ಕಲಿಯುತ್ತದೆ.

ಮರುದಿನದ ಸಂಭ್ರಮ ಪೂರ್ತಿ ಮಕ್ಕಳದು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಹುಡುಗರು ಮಣ್ಣಿನಲ್ಲಿ ಒಂದು ಕುಂಟೆತ್ತು ಮಾಡಿಕೊಂಡು, ಹಾಡು ಹೇಳುತ್ತಾ ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಕಾಲು ಊನವಾದ ಎತ್ತಿಗೂ ಊರು ಕಾಳು ಕೊಡುತ್ತದೆ.

ಈ ನೆಲದಲ್ಲಿ ಎತ್ತಿನ ನಂಟು ಬಹಳ ಹಳೆಯದು. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿಯ ಬಳಿ ಬೂದಿಗುಡ್ಡವೊಂದಿದೆ. ನವಶಿಲಾಯುಗದ ಜನ ದನ ಕಟ್ಟಿ, ಒಟ್ಟಿದ ಸಗಣಿಯನ್ನು ಸುಟ್ಟು ಆದ ಗುಡ್ಡ ಅದು. ಬಳ್ಳಾರಿ ಪಕ್ಕದ ಕಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ಉದ್ದ ಕೋಡಿನ, ಇಣಿಯ ಎತ್ತುಗಳನ್ನು ಆ ಕಾಲದವರೇ ಕುಟ್ಟಿ ಮೂಡಿಸಿದ್ದಾರೆ. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ತೇರುಬೀದಿಯ ಪೂರ್ವದ ತುದಿಗೆ ಕುಳಿತಿರುವ ಎದುರು ಬಸವಣ್ಣ ಏಕಶಿಲೆಯ ದೊಡ್ಡ ನಂದಿ. ಬಂಡೆಯ ಮೇಲಿನ ಎತ್ತು, ಗುಡಿಯೆದುರಿನ ನಂದಿ, ಮಗುವಿನ ಕೈಯ ಮಣ್ಣೆತ್ತು, ಮೂರಕ್ಕೂ ಅದೇ ಇಣಿ.

ಮಣ್ಣಿನ ಕಸುಬಿನವರನ್ನೂ ಹಂಪಿ ಮರೆತಿಲ್ಲ. ವಿರೂಪಾಕ್ಷನ ಭಕ್ತನಾದ ಕವಿ ಹರಿಹರ, ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದ. ಗುಂಡಯ್ಯ ಮಡಕೆ ಬಾರಿಸುವ ನಾದಕ್ಕೆ ಶಿವನೇ ಇಳಿದು ಬಂದು ಕುಣಿದ ಎಂಬುದು ಆ ಕಥೆ. ಇಂದಿಗೂ ಎತ್ತು ಮಾಡಲು ಪುರುಸೊತ್ತಿಲ್ಲದವರು ಕುಂಬಾರರ ಮನೆಯಿಂದಲೇ ಜೋಡೆತ್ತು ತರುತ್ತಾರೆ.

ಮಣ್ಣಿನ ಪೂಜೆ ಇಲ್ಲಿಗೇ ಮುಗಿಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಸಲ ಮಣ್ಣನ್ನು ಪೂಜಿಸುವ ರೂಢಿಯಿದೆ. ಮೊದಲು ಮಣ್ಣೆತ್ತು, ಆಷಾಢದಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಮಳೆಯ ಜೋಕುಮಾರ.

ಈಗ ಊರಲ್ಲಿ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆಗಳು ಬರಿದಾಗುತ್ತಿವೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಎತ್ತುಗಳೂ ಪೇಟೆಗೆ ಬಂದಿವೆ. ಅವು ಸುಲಭವಾಗಿ ಕರಗುವುದಿಲ್ಲ, ನೀರು ಕೆಡಿಸುತ್ತವೆ, ನಿಮ್ಮ ಕೈಗೆ ಏನನ್ನೂ ಕಲಿಸುವುದಿಲ್ಲ. ಆದ್ದರಿಂದ ಈ ಸಲ ಜ್ಯೇಷ್ಠ ಅಮಾವಾಸ್ಯೆಗೆ ನಿಮ್ಮ ಹಿತ್ತಲ ಮಣ್ಣನ್ನೇ ನಾದಿ. ಅದು ಜಿಗುಟಾಗಿರದಿದ್ದರೆ ಅಂಗಡಿಯ ಕುಂಬಾರಿಕೆ ಮಣ್ಣಾದರೂ ಆದೀತು. ಅಜ್ಜಿಗೆ ವಿಡಿಯೋ ಕರೆ ಮಾಡಿ, ಕೋಡು ಎಷ್ಟುದ್ದ ಇರಬೇಕೆಂದು ಕೇಳಿ. ಅಕ್ಕ, ತಮ್ಮ ಅಥವಾ ಪಕ್ಕದ ಮನೆಯ ಗೆಳೆಯನನ್ನು ಜೊತೆಗೆ ಕೂರಿಸಿಕೊಳ್ಳಿ. ಅವರೊಂದು ಮಾಡಲಿ, ನೀವೊಂದು ಮಾಡಿ. ಒಂದೇ ಎತ್ತಿನಿಂದ ಹೊಲ ಉಳಲು ಆಗುವುದಿಲ್ಲ.