ಉಬ್ಬಸದಲ್ಲಿ ಬಳಲಿದ ದಾದಿ: ಸಂತ ಬರ್ನಡೆಟ್

ಲೂರ್ದು ಮಾತೆಯ ದರ್ಶನಭಾಗ್ಯ ಪಡೆದ ಸಂತ ಬರ್ನಡೆಟ್ಟರನ್ನು ಅರಿಯದ ಭಕ್ತರಿಲ್ಲ. ಅವರು ದಾದಿಯಾಗಿದ್ದುದನ್ನು ಬಲ್ಲವರು ವಿರಳ. 1844ರಲ್ಲಿ ಬಡ ಗಿರಣಿಗಾರನ ಮಗಳಾಗಿ ಜನಿಸಿದ ಅವರನ್ನು ಬಾಲ್ಯದಿಂದಲೇ ಉಬ್ಬಸ ಕಾಡಿತು. 1858ರಲ್ಲಿ ಗವಿಯ ನೆಲವನ್ನು ಅವರು ಕೆದಕಿದಾಗ ಚಿಮ್ಮಿದ ಚಿಲುಮೆಯಿಂದ ಅನೇಕರು ಸ್ವಸ್ಥರಾದರು. ಅವರ ಉಬ್ಬಸ ಮಾತ್ರ ಬಿಡಲಿಲ್ಲ.

1866ರಲ್ಲಿ ಫ್ರಾನ್ಸಿನ ನೆವೇರ್ ಕನ್ಯಾಮಠವನ್ನು ಸೇರಿ, ಅಲ್ಲಿಯ ರೋಗಿಗಳ ಶುಶ್ರೂಷೆಗೆ ನಿಯುಕ್ತರಾದರು. ಔಷಧಗಳ ತೂಕ-ಅಳತೆಗಳನ್ನು ಬರೆದಿಟ್ಟುಕೊಂಡು ಶ್ರದ್ಧೆಯಿಂದ ಸೇವೆಗೈದರು. ಉಸಿರಾಟದ ಸಂಕಟ ಹೆಚ್ಚಿದಾಗಲೆಲ್ಲ ದಾದಿಯೇ ರೋಗಿಯಾಗಿ ಹಾಸಿಗೆ ಹಿಡಿಯುತ್ತಿದ್ದರು. ಚೇತರಿಸಿಕೊಂಡೊಡನೆ ಮರಳಿ ಇತರರ ಹಾಸಿಗೆಯ ಬಳಿ ನಿಲ್ಲುತ್ತಿದ್ದರು.

ಕೊನೆಗೆ ಕ್ಷಯರೋಗಕ್ಕೆ ತುತ್ತಾಗಿ, 1879ರ ಏಪ್ರಿಲ್ 16ರಂದು, 35ರ ಹರೆಯದಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. 1933ರಲ್ಲಿ ಸಂತ ಪದವಿಗೇರಿದರು. ಪ್ರಿಯ ಬಾಂಧವರೇ, ಉಸಿರಿಗಾಗಿ ಪರದಾಡುವ ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಎಚ್ಚರವಿರುವವರೆಲ್ಲರೂ ಈ ಸಂತೆಯ ಒಡನಾಡಿಗಳೇ.